ಪುಟ್ಟಿಗೆ ಮದ್ದು ಹಾಕಿದವರು

ನಾನು ಪುಟ್ಟಿಗೆ ಮದ್ದು ಹಾಕಿದ್ದೇನೆ ಎಂದು ಊರಿಗೆ ಊರೇ ಮಾತಾಡಿಕೊಂಡಿತು. ಹೆತ್ತ ತಾಯಿಯೇ ಹಾಗೆ ಅಂದ ಮೇಲೆ ಊರಿನವರ ಬಾಯಿಗೆ ಬೀಗ ಹಾಕುವವರು ಯಾರು? ಮದ್ದು ಅಂದರೇನು ಎಂದು ಬಿಡದಿಯಿಂದ ಮಾಗಡಿಯವರೆಗೆ ಯಾವ ಹಳ್ಳಿಯಲ್ಲಿ ಬೇಕಾದರೂ ಕೇಳಿ, ಹೇಳುತ್ತಾರೆ. ಚೆನ್ನಾಗಿದ್ದ ಜೀವ ಸೊರಗಿ, ಅನ್ನ ಕಂಡರೆ ಮುಖ ತಿರುಗಿಸಿದರೆ ನಮ್ಮವರು ಮೈ ಮುಟ್ಟಿ ನೋಡುವುದಿಲ್ಲ, 'ಯಾರ ಮನೇಲಿ ಉಂಡೆ?' ಅನ್ನುತ್ತಾರೆ. ಆಗದವರು ಊಟದಲ್ಲಿ ಏನನ್ನೋ ಬೆರೆಸಿ ಕೊಡುತ್ತಾರಂತೆ, ಅದು ಹೊಟ್ಟೆಯಲ್ಲಿ ಗಂಟಾಗಿ ಕೂತು ಮನುಷ್ಯನನ್ನು ಒಳಗಿನಿಂದ ತಿನ್ನುತ್ತದಂತೆ. ಅದನ್ನು ಕಕ್ಕಿಸಿ ತೆಗೆಯುವವರೂ ಇದ್ದಾರೆ.

ನಾನು ಕಾವೇರಮ್ಮ. ಪುಟ್ಟಿಯ ಅಪ್ಪ ಬೋರಲಿಂಗಯ್ಯನ ಅಕ್ಕ, ಅಂದರೆ ಪುಟ್ಟಿಗೆ ಸೋದರತ್ತೆ. ಗಂಡ ಸತ್ತ ಮೇಲೆ ಮಗ ನಾಗರಾಜುವನ್ನು ಕಂಕುಳಲ್ಲಿ ಇಟ್ಟುಕೊಂಡು ತವರೂರಿಗೆ ಬಂದೆ, ಓದು ಒಂದಿಷ್ಟು ತಲೆಗೆ ಹತ್ತಿತ್ತಾದ್ದರಿಂದ ಅಂಗನವಾಡಿಯ ಕೆಲಸ ಸಿಕ್ಕಿತು. ಊರಿನ ಮಕ್ಕಳಿಗೆಲ್ಲ ಮೊದಲ ಉಪ್ಪಿಟ್ಟು ತಿನ್ನಿಸಿದ ಕೈ ಇದು. ಆ ಕೈಗೆ ವಿಷದ ಕೈ ಅಂದರೆ ನಾನು ಸುಮ್ಮನಿರುವ ಪೈಕಿಯೇ? ನನ್ನ ನಾಲಿಗೆ ಸ್ವಲ್ಪ ಖಾರ, ಅದನ್ನು ಈಗಲೇ ಹೇಳಿಬಿಡುತ್ತೇನೆ.

ಪುಟ್ಟಿಯ ಶಾಲೆಯ ಹೆಸರು ಪುಟ್ಟತಾಯಿ. ಮೂರು ಹೊತ್ತೂ ಹಸಿವು ಹಸಿವು ಎನ್ನುತ್ತಿದ್ದ ಮಗು. ಅಂಗನವಾಡಿಯಲ್ಲಿ ತನ್ನ ತಟ್ಟೆ ಖಾಲಿ ಮಾಡಿ ಪಕ್ಕದವರ ತಟ್ಟೆಗೆ ಇಣುಕುತ್ತಿದ್ದಳು, ನಾನು ಬಾಯಿಗೆ ತುತ್ತಿಟ್ಟರೆ ಬೆರಳನ್ನೂ ಕಚ್ಚುತ್ತಿದ್ದಳು. ಅವಳ ತಮ್ಮ ಹುಟ್ಟಿದಾಗ ತಾಯಿ ಬೈರಮ್ಮ ಹಾಸಿಗೆ ಹಿಡಿದಳು. ಆಗ ಏಳು ವರ್ಷದ ಪುಟ್ಟಿಯನ್ನು ಕನಕಪುರದ ಕಡೆ ಅಜ್ಜಿಯ ಮನೆಗೆ ಕಳಿಸಿದರು. ಅಲ್ಲಿ ಬೈರಮ್ಮನ ತಮ್ಮ ಸ್ವಾಮಿ ಇದ್ದ, ಮೀಸೆ ಚಿಗುರುವ ವಯಸ್ಸು. ಸೋದರಮಾವ ಅಂದರೆ ನಮ್ಮಲ್ಲಿ ಮದುವೆಯಾಗುವ ಹಕ್ಕಿರುವವನು. ಪುಟ್ಟಿ ತೊಟ್ಟಿಲಲ್ಲಿದ್ದಾಗಲೇ 'ಇಕ್ಕೋ ನಿನ್ ಗಂಡ ಬಂದ' ಎಂದು ಎಲ್ಲರೂ ಅವನನ್ನು ತೋರಿಸಿ ನಗುತ್ತಿದ್ದರು. ತಮಾಷೆಗೆ ತಾನೇ? ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಎರಡು ವರ್ಷ ಕಳೆದು ವಾಪಸ್ಸು ಬಂದ ಮಗು ಬೇರೆಯೇ ಆಗಿತ್ತು. ಒಂದು ದಿನ ಅಟ್ಟದ ಮೂಲೆಯಲ್ಲಿ ಕೂತು ಹೊಟ್ಟೆ ಬಿರಿಯುವಂತೆ ತಿನ್ನುತ್ತಿದ್ದಳು, ಮರುದಿನ ನೀರೂ ಬೇಡ. ಕಡ್ಲೆಮಿಠಾಯಿ ಕಂಡರೆ ಮುಖ ಬಿಳಿಚಿಕೊಳ್ಳುತ್ತಿತ್ತು. 'ಅಜ್ಜಿ ಮುದ್ದು ಮಾಡಿ ಕೆಡಿಸವ್ಳೆ' ಎಂದು ಬೈರಮ್ಮ ಗೊಣಗಿದಳು. ಬೆಳೆಯುವ ಮಕ್ಕಳು ಹೀಗೇ ಎಂದು ಮನೆಯವರು ಬಿಟ್ಟರು.

ಆಮೇಲೆ ನಮ್ಮೂರೇ ಬದಲಾಯಿತು. ಬಿಡದಿ ಕೈಗಾರಿಕಾ ಪ್ರದೇಶ ಬೆಳೆಯುತ್ತಾ ಬೆಳೆಯುತ್ತಾ ನಮ್ಮ ರಾಗಿ ಹೊಲವನ್ನೂ ಕಾಂಪೌಂಡಿನ ಒಳಗೆ ಹಾಕಿಕೊಂಡಿತು. ನಾಗರಾಜು ಕಾರಿನ ಕಂಪನಿಯಲ್ಲಿ ಕಾಂಟ್ರಾಕ್ಟ್ ಕೆಲಸಕ್ಕೆ ಸೇರಿದ. ಪುಟ್ಟಿ ಹತ್ತನೇ ಕ್ಲಾಸು ಮುಗಿಸಿ ಗಾರ್ಮೆಂಟ್ಸಿಗೆ ಹೋಗತೊಡಗಿದಳು, ಬೆಳಿಗ್ಗೆ ಕಂಪನಿಯ ಬಸ್ಸು ಅರಳಿಕಟ್ಟೆಯ ಹತ್ತಿರ ಬಂದು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುತ್ತಿತ್ತು. ಸ್ವಾಮಿ ಜಮೀನಿನ ಬ್ರೋಕರ್ ಆದ. ಕೊರಳಲ್ಲಿ ಚೈನು, ಕೈಯಲ್ಲಿ ಮೊಬೈಲು, ಭಾನುವಾರವಾದರೆ ಅಕ್ಕನ ಮನೆ ಬಾಗಿಲಲ್ಲಿ ಅವನ ಕಾರು. ಬರುವಾಗಲೆಲ್ಲ ಒಂದು ಪೊಟ್ಟಣ ಕಡ್ಲೆಮಿಠಾಯಿ. 'ನಮ್ ಪುಟ್ಟೀಗೆ' ಎನ್ನುತ್ತಿದ್ದ.

ಪುಟ್ಟಿ ಸೊರಗಿದ್ದು ಆಗಲೇ. ಕೆನ್ನೆ ಒಳಗೆ ಹೋಯಿತು, ಕೂದಲು ಉದುರಿತು, ಏಪ್ರಿಲ್ ಬಿಸಿಲಲ್ಲೂ ತುಂಬುತೋಳಿನ ಚೂಡಿದಾರ. ಕೇಳಿದರೆ 'ಫ್ಯಾಕ್ಟ್ರೀಲಿ ಧೂಳು ಕಣತ್ತೆ' ಅನ್ನುತ್ತಿದ್ದಳು. ಅದೇ ಹೊತ್ತಿಗೆ ಸ್ವಾಮಿಗೂ ಅವಳಿಗೂ ಮದುವೆ ಮಾಡುವ ಮಾತು ಗಟ್ಟಿಯಾಯಿತು. ಮಾತು ಗಟ್ಟಿಯಾದಷ್ಟೂ ಹುಡುಗಿ ಕಡ್ಡಿಯಾದಳು.

ಬೈರಮ್ಮ ಹೆದರಿ ಮಗಳನ್ನು ಮಾಗಡಿ ಕಡೆಯ ಮುನಿಯಮ್ಮನ ಹತ್ತಿರ ಕರೆದುಕೊಂಡು ಹೋದಳು. ಮದ್ದು ತೆಗೆಯುವುದರಲ್ಲಿ ಹೆಸರಾದ ಮುದುಕಿ. ಏನೋ ಸೊಪ್ಪಿನ ರಸ ಕುಡಿಸಿ ಕಕ್ಕಿಸಿದಳಂತೆ, ಕಪ್ಪಗಿನ ಉಂಡೆಯೊಂದನ್ನು ಕಡ್ಡಿಯಲ್ಲಿ ಎತ್ತಿ ತೋರಿಸಿದಳಂತೆ. ಆ ಉಂಡೆ ಹುಡುಗಿಯ ಹೊಟ್ಟೆಯಿಂದ ಬಂತೋ ಮುದುಕಿಯ ಸೆರಗಿನಿಂದ ಬಂತೋ, ಶಿವನೇ ಬಲ್ಲ. ಯಾರು ಹಾಕಿದ್ದು ಎಂದು ಬೈರಮ್ಮ ಕೇಳಿದ್ದಕ್ಕೆ, "ಅನ್ನ ಬಡಿಸೋ ಕೈ ಕಣವ್ವ. ನೆಂಟರೇಯ. ಬಾಳಾ ಹತ್ತಿರದೋರು" ಅಂದಳಂತೆ.

ಅನ್ನ ಬಡಿಸುವ ಕೈ! ಊರಿಗೆಲ್ಲ ಬಡಿಸುವವಳು ನಾನು. ನೆಂಟಳು ನಾನು. ಮದುವೆಯ ವಯಸ್ಸಿನ ಮಗ ಇರುವವಳೂ ನಾನೇ. ಸೋದರಮಾವನಿಗೆ ಹಕ್ಕಿರುವ ಹಾಗೆ ಸೋದರತ್ತೆಯ ಮಗನಿಗೂ ಹಕ್ಕಿದೆ. ಇನ್ನೇನು ಬೇಕು? ಹುಡುಗಿ ತನ್ನ ಮಗನ ಕಡೆ ಒಲಿಯಲಿ ಎಂದು ಕಾವೇರಮ್ಮ ಕೈ ನಡೆಸಿದ್ದಾಳೆ ಎಂದು ತೀರ್ಮಾನವಾಯಿತು.

ಬೈರಮ್ಮ ಬೀದಿಯಲ್ಲಿ ನಿಂತು ಕೂಗಿದಳು. "ಯಾಕ್ ಕಾವೇರಕ್ಕ ಇಂಗ್ ಮಾಡ್ದೆ? ಬೇಕು ಅಂದಿದ್ರೆ ಬಾಯ್ಬುಟ್ಟು ಕೇಳ್ಬಾರ್ದಾಗಿತ್ತಾ? ನನ್ ಮಗ್ಳ ಹೊಟ್ಟೇಗೆ ಯಾಕ್ ಕೈ ಹಾಕ್ದೆ?"

"ಲೇ ಬೈರಿ, ನಿನ್ ನಾಲ್ಗೆಗೆ ಹುಳ ಬೀಳ" ಎಂದೆ ನಾನೂ. "ಹಾಲುಗಲ್ಲದ ಮಕ್ಳಿಗೆ ಉಣ್ಣಿಸ್ಕೊಂಡು ಬದುಕಿರೋಳು ನಾನು. ವಿಷ ಹಾಕೋ ಕಸುಬು ನಮ್ಮಪ್ಪ ನಂಗೆ ಕಲಿಸಿಲ್ಲ. ಏನ್ಲಾ ಬೋರ, ನೀನೂ ನಂಬ್ತೀಯೇನ್ಲಾ?"

ನನ್ನ ತಮ್ಮ ನೆಲ ನೋಡಿದ. ಅವನು ನೆಲ ನೋಡಿದ್ದು ಬೈರಮ್ಮನ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಮಾರನೆಯ ದಿನದಿಂದ ಅಂಗನವಾಡಿಗೆ ಮಕ್ಕಳು ಬರುವುದು ಕಡಿಮೆಯಾಯಿತು. ಬಂದ ಮಕ್ಕಳೂ ತಟ್ಟೆ ಮುಟ್ಟುತ್ತಿರಲಿಲ್ಲ, 'ಅವ್ವ ತಿನ್ಬ್ಯಾಡ ಅಂದದೆ' ಅನ್ನುತ್ತಿದ್ದವು. ಬೇಯಿಸಿದ್ದನ್ನು ಕೋಳಿಗೆ ಸುರಿದು ಒಬ್ಬಳೇ ಕೂತು ಅತ್ತಿದ್ದೇನೆ. ಸುಳ್ಳೇಕೆ ಹೇಳಲಿ?

ಮುನಿಯಮ್ಮ ಉಂಡೆ ತೆಗೆದಳು ಅಂದರೆ ಹುಡುಗಿ ಸುಧಾರಿಸಬೇಕಿತ್ತಲ್ಲ. ಸುಧಾರಿಸಲಿಲ್ಲ, ಇನ್ನೂ ಕೆಟ್ಟಳು. ಮೊದಲು ತಿನ್ನುತ್ತಿರಲಿಲ್ಲ ಅಷ್ಟೆ. ಈಗ ಮನೆಯವರ ಕಣ್ಣೆದುರಿಗೆ ಉಂಡು, ಕೈತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಬರುತ್ತಿದ್ದಳು. ಬರುವಾಗ ಕಣ್ಣು ಕೆಂಪು. ಬೈರಮ್ಮನಿಗೆ ಅದೂ ಸಮಾಧಾನವೇ, 'ಉಳಿದಿದ್ದ ಮದ್ದು ತಾನಾಗೇ ಈಚೆಗೆ ಬತ್ತಾ ಐತೆ' ಎಂದು ನೆರೆಯವರಿಗೆ ಹೇಳಿಕೊಂಡಳಂತೆ. ಕಕ್ಕುವುದನ್ನು ಮುದುಕಿ ಕಲಿಸಿಕೊಟ್ಟಳು, ತಾಯಿ ಒಪ್ಪಿಗೆ ಕೊಟ್ಟಳು. ಇಂಥ ತಪ್ಪು ನಮ್ಮವರನ್ನು ಬಿಟ್ಟರೆ ಇನ್ಯಾರು ಮಾಡಿಯಾರು?

ನನಗಂತೂ ಅನುಮಾನ ಹತ್ತಿಕೊಂಡಿತು. ನಾನು ಹಾಕಿಲ್ಲ ಅನ್ನುವುದು ನನಗೆ ಗೊತ್ತು. ಹಾಗಾದರೆ ಹುಡುಗಿಯನ್ನು ತಿನ್ನುತ್ತಿರುವುದು ಏನು? ಮೊದಲು ಬೈರಮ್ಮನ ಮೇಲೇ ಅನುಮಾನಪಟ್ಟೆ, ಮನೆಯಲ್ಲಿ ಹೊಡೆಯುತ್ತಾಳೇನೋ ಎಂದು. ಆಮೇಲೆ ಫ್ಯಾಕ್ಟರಿಯ ಸೂಪರ್‌ವೈಸರ್ ಮೇಲೆ. ಬಸ್ಸಿನ ಡ್ರೈವರ್ ಮೇಲೆ. ಯಾರನ್ನು ಕಂಡರೂ ಕಣ್ಣು ಕಿರಿದು ಮಾಡಿಕೊಂಡು ನೋಡುವ ಹಾಗಾಯಿತು. ಕೊನೆಗೆ ರಾಮನಗರಕ್ಕೆ ಹೋಗಿ, ಪುಟ್ಟಿಯ ಪಕ್ಕದ ಮಿಷನ್ನಿನಲ್ಲಿ ಹೊಲಿಯುವ ಖುರ್ಷಿದಾಳ ಮನೆ ಹುಡುಕಿದೆ.

ಖುರ್ಷಿದಾ ಮೊದಲು ಬಾಯಿ ಬಿಡಲಿಲ್ಲ. ಮದ್ದು ಹಾಕಿದ ಅತ್ತೆ ಇವಳೇ ಎಂಬ ಸುದ್ದಿ ಅವಳವರೆಗೂ ಹೋಗಿತ್ತು. ಅವಳ ತಾಯಿ ಟೀ ತಂದಿಟ್ಟರು, ನಾನು ಕುಡಿಯುವವರೆಗೂ ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

"ಅವಳು ಬದುಕ್ಬೇಕು ಅನ್ನೋದಷ್ಟೇ ಕಣವ್ವ ನಂಗೆ" ಎಂದೆ.

ಆಗ ಹೇಳಿದಳು. "ಬುತ್ತಿ ಬಿಚ್ಚಿದ ತಕ್ಷಣ ನಮಗೆಲ್ಲಾ ಹಂಚ್ಬಿಡ್ತಾಳೆ ಅಮ್ಮಾ. ತೋಳ ತುಂಬಾ ಗಾಯ ಐತೆ. ಮಿಷನ್ ಸೂಜಿ ಚುಚ್ತು ಅಂತಾಳೆ. ಸೂಜಿ ಬೆರಳಿಗೆ ಚುಚ್ತೈತೆ, ಮೊಣಕೈ ಮೇಲ್ಕೆ ಯಾಕೆ ಹೋಯ್ತೈತೆ? ಅವಳೇ ಮಾಡ್ಕೊಳ್ಳೋದು."

ನಾನು ಟೀ ಲೋಟ ಕೆಳಗಿಟ್ಟೆ. "ಯಾಕಂತೆ? ಆ ಸೂಪರ್‌ವೈಸರ್ ಏನಾರ..."

"ಇಲ್ಲ ಇಲ್ಲ. ಅವನು ಬಯ್ತಾನೆ ಅಷ್ಟೇ, ಎಲ್ರಿಗೂ ಬಯ್ತಾನೆ. ಶನಿವಾರದ ತಂಕ ಒಸಿ ನಗ್ತಾ ಇರ್ತಾಳೆ. ಸೋಮವಾರ ಬಂದ್ರೆ ಹೊಸ ಗಾಯ. ಭಾನುವಾರ ನಿಮ್ಮನೇಲಿ ಏನಾಯ್ತೈತೆ ಅಮ್ಮಾ?"

ಭಾನುವಾರ ಬೋರನ ಮನೆಯಲ್ಲಿ ಕೋಳಿಸಾರು ಆಗುತ್ತದೆ, ಸ್ವಾಮಿಯ ಕಾರು ಬರುತ್ತದೆ. ವಾಪಸ್ಸು ಬರುವ ಬಸ್ಸಿನಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಡ್ಲೆಮಿಠಾಯಿ ಕಂಡು ಬಿಳಿಚಿಕೊಂಡ ಆ ಚಿಕ್ಕ ಮುಖ ಕಣ್ಣೆದುರು ಬಂತು. ಆದರೆ ಇನ್ನೊಂದು ಯೋಚನೆಯೂ ಹಿಂದೆಯೇ ಬಂತು. ಪುಟ್ಟಿ ನನ್ನ ಸೊಸೆಯಾಗಲಿ ಎಂಬ ಆಸೆ ನನಗೆ ಇರಲಿಲ್ಲವೇ? ಇತ್ತು, ಖಂಡಿತ ಇತ್ತು. ನಾಗರಾಜುವಿಗೂ ಅವಳೆಂದರೆ ಪ್ರಾಣ. ಹಾಗಿರುವಾಗ ಸ್ವಾಮಿಯ ಮೇಲೆ ಬಂದ ಈ ಅನುಮಾನ ಎಷ್ಟು ನಿಜ, ನನ್ನ ಆಸೆಯೇ ಹುಟ್ಟಿಸಿಕೊಂಡದ್ದು ಎಷ್ಟು? ನನ್ನ ಅನುಮಾನದ ಮೇಲೇ ನನಗೆ ಅನುಮಾನ. ನನಗೇ ಹೀಗಾದರೆ ಊರಿನವರು ನಂಬುತ್ತಾರೆಯೇ? ಇತ್ತ ವೀಳ್ಯಶಾಸ್ತ್ರದ ದಿನ ನಿಶ್ಚಯವಾಗಿತ್ತು. ಮುಂದಿನ ಭಾನುವಾರವೇ ಎಲೆಅಡಿಕೆ ಬದಲಾಯಿಸಿ ಹೆಣ್ಣು ಸ್ವಾಮಿಯದು ಎಂದು ಹೇಳಿಬಿಡುತ್ತಿದ್ದರು.

ಶನಿವಾರ ಮಧ್ಯಾಹ್ನ ಫ್ಯಾಕ್ಟರಿಯ ಬಸ್ಸು ಇಳಿದ ಪುಟ್ಟಿಯನ್ನು ಅಂಗನವಾಡಿಗೆ ಕರೆದೆ. ಮಕ್ಕಳಿಲ್ಲದ ಕೋಣೆ ಬಿಕೋ ಎನ್ನುತ್ತಿತ್ತು. ತಾನು ಚಿಕ್ಕವಳಾಗಿದ್ದಾಗ ಕೂರುತ್ತಿದ್ದ ಮೂಲೆಯಲ್ಲೇ ಹೋಗಿ ಕೂತಳು. ನಾನು ಊಟದ ಮಾತೆತ್ತಲಿಲ್ಲ, ತೋಳನ್ನೂ ನೋಡಲಿಲ್ಲ.

"ಪುಟ್ಟಿ, ಒಂದ್ ಮಾತು ಕೇಳ್ತೀನಿ. ಹೇಳಕ್ಕೆ ಇಷ್ಟ ಇಲ್ದಿದ್ರೆ ಎದ್ದೋಗು, ನಾನು ಬೇಜಾರು ಮಾಡ್ಕಳಕ್ಕಿಲ್ಲ. ಅಜ್ಜಿ ಮನೇಲಿ ಸ್ವಾಮಿ ನಿಂಗೇನಾರ ಮಾಡಿದ್ನಾ?"

ಅವಳು ಎದ್ದು ಹೋಗಲಿಲ್ಲ. ಗೋಡೆಯ ಮೇಲೆ ಬರೆದಿದ್ದ ಆನೆ, ಇಲಿ, ಈಚಲಮರದ ಚಿತ್ರಗಳನ್ನು ಬಹಳ ಹೊತ್ತು ನೋಡಿದಳು.

"ಮಿಠಾಯಿ ಕೊಡ್ತಿದ್ದ" ಎಂದಳು. "ತಿನ್ನು, ಆಮೇಲೆ ಕೂಗ್ಬ್ಯಾಡ ಅಂತಿದ್ದ. ಅಜ್ಜಿಗೆ ಯೋಳ್ದೆ ಅತ್ತೆ. ನಿನ್ ಗಂಡ ತಾನೆ, ಆಟಾಡ್ತಾನೆ ಬುಡು ಅಂದ್ಲು."

ನಾನು ಅವಳ ಪಕ್ಕಕ್ಕೆ ಬಂದು ನೆಲದ ಮೇಲೆ ಕೂತೆ.

"ಏನಾರ ತಿಂದ್ರೆ ಆ ಮಿಠಾಯೇ ಬಾಯ್ಗೆ ಬಂದಂಗಾಯ್ತದೆ. ಈಚೆಗೆ ಹಾಕ್ಬೇಕು ಅನ್ನುಸ್ತದೆ. ಈ ಮೈ ನಂದಲ್ಲ ಅತ್ತೆ, ಅವನು ಮುಟ್ಟಿ ಎಂಜಲು ಮಾಡಿದ್ದು. ಅದ್ಕೇ ಅದ್ನ ನೋಯಿಸ್ತೀನಿ. ಆಮೇಲೆ ನನ್ನ ಕಂಡ್ರೆ ನಂಗೇ ಇನ್ನಷ್ಟು ಅಸಹ್ಯ ಆಯ್ತದೆ." ನನ್ನ ಕಡೆ ತಿರುಗಿ ಕೇಳಿದಳು, "ನಾಳೆ ಶಾಸ್ತ್ರ ಆಗ್ಬುಟ್ರೆ ನಾನು ಉಳಿಯಕ್ಕಿಲ್ಲ. ಯಾರ್ ನಂಬ್ತಾರೆ ಅತ್ತೆ?"

"ನಾನು ನಂಬ್ತೀನಿ ಕಣೇ" ಎಂದೆ. ತಬ್ಬಿಕೊಂಡರೆ ಎಲ್ಲಿ ಬೆಚ್ಚುತ್ತಾಳೋ ಎಂದು ಕೈಯನ್ನು ಅವಳ ಪಕ್ಕದಲ್ಲಿ ನೆಲದ ಮೇಲಿಟ್ಟೆ. ಅವಳೇ ಹಿಡಿದುಕೊಂಡಳು. ಮಗುವಾಗಿದ್ದಾಗ ಗುಂಡಗೆ ಇದ್ದ ಕೈ ಈಗ ಬರೀ ಮೂಳೆ. ಆ ಸಂಜೆ ಅವಳನ್ನು ನನ್ನ ಕಣ್ಣಳತೆ ದಾಟಿ ಹೋಗಲು ಬಿಡಲಿಲ್ಲ.

ಭಾನುವಾರ ಬೋರಲಿಂಗಯ್ಯನ ಮನೆಯ ಜಗಲಿ ತುಂಬ ಜನ. ನನಗೆ ಕರೆಯಿರಲಿಲ್ಲ, ಕರೆಯದೆಯೇ ಹೋದೆ. ಹೆಂಗಸರು ತಟ್ಟೆಗಳನ್ನು ಸೆರಗಿನಿಂದ ಮುಚ್ಚಿಕೊಂಡರು. ಸ್ವಾಮಿ ಬಿಳಿ ಷರಟು ಹಾಕಿಕೊಂಡು ಕೂತಿದ್ದ, ಪುಟ್ಟಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಿರಿಯರು ಎಲೆಅಡಿಕೆಯ ತಟ್ಟೆ ಎತ್ತಿದರು.

"ತಟ್ಟೆ ಇಳಿಸಿ" ಎಂದೆ. "ಈ ಹುಡುಗೀನ ಸ್ವಾಮಿಗೆ ಕೊಡಕೂಡ್ದು. ಮಗೂವಾಗಿದ್ದಾಗ್ಲೇ ಅವಳ ಬಾಳು ಹಾಳು ಮಾಡವ್ನೆ ಅವ್ನು. ಮದ್ದು ಮದ್ದು ಅಂತೀರಲ್ಲ, ಅವಳನ್ನ ತಿಂತಿರೋದು ಅದೇಯ."

ಸ್ವಾಮಿ ನಕ್ಕ. "ನೋಡುದ್ರಾ? ಮದ್ದಾಯ್ತು, ಈಗ ಮಾತು. ತನ್ ಮಗನ್ಗೆ ತಂದ್ಕಳಕ್ಕೆ ಈ ಕಾವೇರಕ್ಕ ಏನ್ ಬೇಕಾದ್ರೂ ಮಾಡ್ತಾಳೆ."

ಎಲ್ಲರ ತಲೆ ಹೌದು ಹೌದು ಎಂದು ಆಡಿತು. ನನ್ನ ಮಾತಿಗೆ ಬೆಲೆ ಇಲ್ಲದಂತೆ ಮಾಡಿದ್ದು ನನ್ನ ಆಸೆಯೇ ಅನ್ನುವುದು ನನಗೆ ಆಗ ಸ್ಪಷ್ಟವಾಯಿತು. ಜಗಲಿಯ ಕೊನೆಯಲ್ಲಿ ನಾಗರಾಜು ನಿಂತಿದ್ದ. ಒಮ್ಮೆ ಅವನ ಮುಖ ನೋಡಿದೆ. ಆಮೇಲೆ ದೇವರ ಮುಂದಿನ ಕರ್ಪೂರ ಎತ್ತಿ ಅಂಗೈ ಮೇಲಿಟ್ಟು ಹಚ್ಚಿದೆ.

"ಮನೆದೇವ್ರ ಆಣೆಗೂ ಹೇಳ್ತೀನಿ, ಎಲ್ರೂ ಕೇಳುಸ್ಕಳಿ. ಈ ಮನೆ ಹೆಣ್ಣು ನನ್ ಮನೆಗೆ ಸೊಸೆಯಾಗಿ ಬರಕ್ಕಿಲ್ಲ. ಇವತ್ತೂ ಇಲ್ಲ, ಎಂದೆಂದೂ ಇಲ್ಲ. ಈಗೇಳಿ, ನಂಗೆ ಸುಳ್ಳು ಹೇಳಿ ಏನ್ ಬರ್ಬೇಕಾಗೈತೆ?"

ಅಂಗೈ ಸುಡುತ್ತಿತ್ತು. ಕರ್ಪೂರ ಆಣೆ ಅಂದರೆ ನಮ್ಮಲ್ಲಿ ಹುಡುಗಾಟವಲ್ಲ. ಪುಟ್ಟಿ ಎದ್ದು ಬಂದು ಕರ್ಪೂರವನ್ನು ತಟ್ಟಿ ಕೆಡವಿದಳು. ನನ್ನ ಪಕ್ಕದಲ್ಲೇ ನಿಂತು, ಅವ್ವನ ಮುಖ ನೋಡುತ್ತಾ, "ಅತ್ತೆ ಹೇಳಿದ್ದು ನಿಜ ಕಣವ್ವ" ಎಂದಳು. ಅಷ್ಟೇ ಹೇಳಿದ್ದು.

ಬೈರಮ್ಮ ತಮ್ಮನ ಕಡೆ ತಿರುಗಿದಳು. "ಏನ್ಲಾ ಸ್ವಾಮಿ? ಇಲ್ಲ ಅನ್ಲಾ. ಇಲ್ಲ ಅಂದ್ಬುಡು ನನ್ನಪ್ಪ."

ಅವನು ಇಲ್ಲ ಅಂದಿದ್ದರೆ ಅವಳು ನಂಬುತ್ತಿದ್ದಳು. ನನ್ನ ಆಣೆ ಗಾಳಿಗೆ ಹೋಗುತ್ತಿತ್ತು. ಆದರೆ ಅವನಿಗೆ ಅದೊಂದು ತಪ್ಪು ಅಂತಲೇ ಅನ್ನಿಸಿರಲಿಲ್ಲ.

"ಇದೇನಕ್ಕ ದೊಡ್ಡ ರಂಪ?" ಎಂದ. "ತೊಟ್ಲಲ್ಲಿದ್ದಾಗ್ಲೇ ನಿನ್ನೋಳು ಅಂತ ಅಂದೋರು ನೀವೇ ತಾನೆ? ಕಟ್ಕಳೋನು ನಾನೇ ಅಲ್ವಾ? ಆವತ್ತಾದ್ರೇನು, ಇವತ್ತಾದ್ರೇನು?"

ಬೈರಮ್ಮ ಹಿರಿಯರ ಕೈಯಿಂದ ತಟ್ಟೆ ಕಿತ್ತುಕೊಂಡು ಎಲೆ, ಅಡಿಕೆ, ತೆಂಗಿನಕಾಯಿ ಎಲ್ಲವನ್ನೂ ಬೀದಿಗೆ ಚೆಲ್ಲಿದಳು. "ಎದ್ದೋಗ್ಲಾ" ಎಂದಳು. "ಈ ಹೊಸಲು ತುಳಿದ್ರೆ ನಿನ್ ಕಾಲು ಮುರೀತೀನಿ. ಎಂಟೊರ್ಸದ ಮಗು ಕಣ್ಲಾ ಅದು. ನನ್ ಮಗು."

ಪೊಲೀಸಿಗೆ ಹೇಳೋಣ ಎಂದು ನಾನು ಹಟ ಹಿಡಿದೆ. ಹೆಣ್ಣಿನ ಮಾನ, ಮನೆಯ ಮಾನ ಎಂದು ಹಿರಿಯರು ಅಡ್ಡ ಬಂದರು, ಬೋರಲಿಂಗಯ್ಯ ಕೈಮುಗಿದು ಅತ್ತ. ಅವನ ಮಾನ ಹೋಗಬೇಕಿತ್ತೇ ಹೊರತು ಇವಳದ್ದೇನು ಹೋಗುತ್ತಿತ್ತು? ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಸ್ವಾಮಿ ಈಗಲೂ ಕಾರಿನಲ್ಲಿ ಓಡಾಡುತ್ತಾನೆ.

ಬೈರಮ್ಮನೂ ನಾನೂ ಪುಟ್ಟಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರಮ್ಮ ಹೇಳಿದರು, ಚಿಕ್ಕಂದಿನಲ್ಲಿ ಮೈಗೆ ಆದ ಅನ್ಯಾಯವನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಆಗದಿದ್ದಾಗ ಕೆಲವರು ಆ ಮೈಯನ್ನೇ ಶತ್ರು ಮಾಡಿಕೊಳ್ಳುತ್ತಾರೆ, ಉಪವಾಸ ಕೆಡವುತ್ತಾರೆ, ಕಕ್ಕುತ್ತಾರೆ, ಗಾಯ ಮಾಡಿಕೊಳ್ಳುತ್ತಾರೆ, ಎಲ್ಲಕ್ಕೂ ಬೇರು ಒಂದೇ ಇರಬಹುದು, ಇದು ಹಟವೂ ಅಲ್ಲ, ಹುಚ್ಚೂ ಅಲ್ಲ ಎಂದು. ನಿಧಾನವಾಗುತ್ತದೆ ಅಂದರು. ನಿಧಾನವೇ ಆಯಿತು. ನಡುವೆ ಎರಡು ಸಲ ಎಲ್ಲ ಮೊದಲಿನ ಹಾಗಾಗಿ ಬೈರಮ್ಮ ತಲೆ ಚಚ್ಚಿಕೊಂಡಳು. 'ತಿಂದ್ಯಾ, ತಿಂದ್ಯಾ' ಎಂದು ಕೇಳಬಾರದು, ಕಾವಲು ಕಾಯುವಂತೆ ಹಿಂದೆ ಸುತ್ತಬಾರದು ಎಂದು ಹೇಳಿದ್ದರು. ನಮ್ಮಂಥ ಬಾಯಿಬಡುಕಿಯರಿಗೆ ಅದೇ ದೊಡ್ಡ ಶಿಕ್ಷೆ.

ನಾಗರಾಜು ಒಂದು ತಿಂಗಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಆಮೇಲೊಂದು ದಿನ ಷೂ ಬಿಚ್ಚುತ್ತಾ, "ಒಳ್ಳೇದೇ ಮಾಡ್ದೆ ಬುಡವ್ವ" ಎಂದ. ಈಗ ಅವನಿಗೆ ವಿರೂಪಾಕ್ಷಿಪುರದ ಕಡೆಯ ಹೆಣ್ಣು ತಂದಿದ್ದೇನೆ. ಒಳ್ಳೆಯ ಸೊಸೆ. ಆದರೂ ಆ ಕರ್ಪೂರದ ಕಲೆ ಅಂಗೈಯಲ್ಲಿ ಹಾಗೇ ಇದೆ.

ಅಂಗನವಾಡಿಗೆ ಮಕ್ಕಳು ಒಂದೊಂದಾಗಿ ಮರಳಿದರು. ಪುಟ್ಟಿ ಗಾರ್ಮೆಂಟ್ಸ್ ಬಿಟ್ಟು ನನಗೆ ಸಹಾಯಕ್ಕೆ ಬರುತ್ತಾಳೆ. ಮೊನ್ನೆ ಊಟದ ಹೊತ್ತಿಗೆ ಬೈಕಿನಲ್ಲಿ ಒಬ್ಬ ಹುಡುಗ ಬಂದ, ಅಕ್ಕನ ಮಗಳನ್ನು ಮನೆಗೆ ಕರೆದುಕೊಂಡು ಹೋಗಬೇಕಂತೆ. ಅಲ್ಲೇ ನಿಂತಿದ್ದ ಹೆಂಗಸೊಬ್ಬಳು ಮಗುವಿನ ಕೆನ್ನೆ ಚಿವುಟಿ, "ಇಕ್ಕೋ ನಿನ್ ಗಂಡ ಬಂದ" ಎಂದು ನಕ್ಕಳು. ನನ್ನ ನೆತ್ತಿ ಕಾದು ಬಾಯಿ ತೆರೆಯುವಷ್ಟರಲ್ಲಿ ಪುಟ್ಟಿ ಮುಂದೆ ಹೋಗಿ ಮಗುವಿನ ಎದುರು ಕುಕ್ಕರಗಾಲಲ್ಲಿ ಕೂತಳು.

"ಮಾವನ್ ಜೊತೆ ಹೋಯ್ತೀಯಾ ಚಿನ್ನ?"

ಮಗು ತಲೆ ಅಲ್ಲಾಡಿಸಿ ಬೇಡ ಅಂದಿತು. ಬಹುಶಃ ಉಪ್ಪಿಟ್ಟು ಬಿಟ್ಟು ಹೋಗಲು ಇಷ್ಟವಿರಲಿಲ್ಲವೋ ಏನೋ. ಆ ಹುಡುಗ ಒಳ್ಳೆಯವನೇ ಇರಬಹುದು, ನನಗೇನು ಗೊತ್ತು? ಪುಟ್ಟಿ ಎದ್ದು ನಿಂತು ಅವನ ಮುಖವನ್ನೇ ನೋಡಿದಳು.

"ಅದು ಬರಕ್ಕಿಲ್ಲ ಅಂತೈತೆ" ಎಂದಳು. "ಅವರವ್ವನ್ನೇ ಕಳ್ಸಿ."

ಅವನು ಗೊಣಗುತ್ತಾ ಬೈಕು ತಿರುಗಿಸಿಕೊಂಡು ಹೋದ. ಪುಟ್ಟಿ ಒಳಗೆ ಬಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಅದಕ್ಕೊಂದು ತುತ್ತು ಇಟ್ಟಳು. ಮಗು ತನ್ನ ಕೈಯಿಂದ ಒಂದು ತುತ್ತು ಹಿಡಿದು ಅವಳ ಬಾಯಿಗೆ ಒಡ್ಡಿತು. ಅವಳು ಸ್ವಲ್ಪ ಹೊತ್ತು ಆ ಪುಟ್ಟ ಕೈಯನ್ನೇ ನೋಡಿ, ಬಾಯಿ ತೆರೆದಳು. ನಾನು ನೋಡದವಳ ಹಾಗೆ ತಿರುಗಿ ನಿಂತು ಪಾತ್ರೆ ತೊಳೆದೆ.